ಮಿರಜಿನ ದ್ರಾಕ್ಷಿ

ನೆನಪು ತನಗೆ ಬೇಕಾದದ್ದನ್ನಷ್ಟೇ ಬಡಿಸುತ್ತದೆ ಎಂಬ ಸಂಶಯ ನನಗೆ ಮೊದಲಿನಿಂದಲೂ ಇದೆ. ಅದಕ್ಕೇ ಕಾಲೇಜಿನ ದಿನಗಳಿಂದ ದಿನಚರಿ ಬರೆಯುತ್ತೇನೆ. ಆಮೇಲೆ ದಿನಚರಿಯನ್ನೂ ಸಂಶಯಿಸುತ್ತೇನೆ. ಹೋದ ತಿಂಗಳು ಜಮಖಂಡಿಯಲ್ಲಿ ನಮ್ಮ ಡಾಕ್ಟರು, ‘ಐವತ್ತೆಂಟು ಆತಲ್ರೀ ಸರ್, ಪ್ರಾಸ್ಟೇಟ್ ಕ್ಯಾನ್ಸರಿನ ತಪಾಸ ಮಾಡಸೂಣು. ಒಂದು ರಕ್ತಪರೀಕ್ಷಾ ಅಷ್ಟ. ನಿಮ್ಮ ತಂದಿಗೆ, ಅಣ್ಣತಮ್ಮರಿಗೆ ಯಾರಿಗರೆ ಈ ಕ್ಯಾನ್ಸರ್ ಇತ್ತೇನು?’ ಎಂದು ಕೇಳಿದರು. ನಾನು ನಕ್ಕುಬಿಟ್ಟೆ. ಬಿಸಿ ಜೋಳದ ರೊಟ್ಟಿ, ಮೆಂತ್ಯದ ಪಲ್ಲೆ, ಹಸಿ ಉಳ್ಳಾಗಡ್ಡಿ ತಿಂದು ಬದುಕಿದ ನಮ್ಮಪ್ಪನಿಗೆ ಕ್ಯಾನ್ಸರೇ? ‘ನಮ್ಮದು ಪಲ್ಲೇದ ಮನೆತನರೀ’ ಎಂದೆ. ‘ಪಲ್ಲೆ ಛಲೋನ. ಕೆನಿ, ಕರದದ್ದು ಕಡಿಮಿ ಮಾಡ್ರಿ, ದಿನಾ ಅಡ್ಡಾಡ್ರಿ, ಅಪಾಯ ತಗ್ಗಬಹುದು. ಆದ್ರ ಪಲ್ಲೆ ತಿಂದೇನಂತ ತಪಾಸ ಬಿಡಾಕ ಬರಂಗಿಲ್ಲ. ಮನ್ಯಾಗ ಕೇಳಿಕೊಂಡು ಬರ್ರಿ’ ಎಂದು ಕಳಿಸಿದರು.

ಹಳೆಯ ದಿನಚರಿ ತೆಗೆದೆ. ಅಪ್ಪನ ಕೊನೆಯ ಎರಡು ವರ್ಷಗಳ ಪುಟಗಳಲ್ಲಿ ಮತ್ತೆ ಮತ್ತೆ ಒಂದೇ ಸಾಲು: ‘ಅಪ್ಪ ಮಿರಜಿಗೆ ಹೋಗಿ ದ್ರಾಕ್ಷಿ ತಂದ.’ ಓದುತ್ತಿದ್ದಂತೆ ಬಾಯಲ್ಲಿ ನೀರೂರಿತು, ಕಣ್ಣಲ್ಲೂ. ಬಸ್ಸಿಳಿದು, ಒಂದು ಕೈಯಲ್ಲಿ ಧೋತರದ ಚುಂಗು, ಇನ್ನೊಂದರಲ್ಲಿ ದ್ರಾಕ್ಷಿಯ ಚೀಲ ಹಿಡಿದು ಮೆಲ್ಲಗೆ ಹೆಜ್ಜೆ ಇಡುತ್ತ ಬರುತ್ತಿದ್ದ ಅಪ್ಪ. ಎಂಥ ಗತ್ತಿನ ನಡಿಗೆ! ಗಲಗಲಿಯಲ್ಲಿರುವ ಅಪ್ಪನ ತಂಗಿಗೆ ಫೋನು ಹಚ್ಚಿ, ಡಾಕ್ಟರ ಪ್ರಶ್ನೆಯ ಜೊತೆಗೆ ಇದನ್ನೂ ಹೇಳಿದೆ.

‘ಗತ್ತಲ್ಲೋ ಹುಚ್ಚಪ್ಪಾ, ಬ್ಯಾನಿ!’ ಎಂದಳು ಅತ್ತೆ. ‘ಮಿರಜಿಗೆ ಹೋಗ್ತಿದ್ದದ್ದು ದವಾಖಾನಿಗೆ. ಅವಗ ಅದ ಕ್ಯಾನ್ಸರ್ ಆಗಿತ್ತು. ಹುಡುಗರಿಗೆ ಹೇಳಬ್ಯಾಡ್ರಿ ಅಂತ ಆಣಿ ಹಾಕಿದ್ದ. ನೀವು ಏನೂ ಕೇಳಬಾರದಂತ ದ್ರಾಕ್ಷಿ ತರತಿದ್ದ.’

‘ಮತ್ತ ಆ ಪಲ್ಲೆ?’ ಎಂದೆ.

‘ಯಾವ ಪಲ್ಲೆ? ಪಲ್ಲೆ ನಿನ್ನ ತಾಟಿಗೆ ದೂಡಿ, ತಾ ಕೆನಿಮೊಸರು ಹೊಡೀತಿದ್ದ!’

ಮರುದಿನವೇ ಹೋಗಿ ರಕ್ತ ಕೊಟ್ಟೆ. ವರದಿ ಬರಲು ಮೂರು ದಿನ ಹಿಡಿಯಿತು. ಸದ್ಯಕ್ಕೆ ಚಿಂತೆಯಿಲ್ಲ ಎಂದ ಡಾಕ್ಟರು, ‘ನಿಮ್ಮ ತಮ್ಮಗೂ ಹೇಳ್ರಿ, ಅವರೂ ಮಾಡಿಸಬೇಕು’ ಎಂದರು. ತಮ್ಮ ಶಿವಪ್ಪ ಇರುವುದು ಲೋಕಾಪುರದಲ್ಲಿ. ಫೋನು ಮಾಡಿ ಕಬ್ಬು, ಎಮ್ಮೆ, ಮೊಮ್ಮಗಳ ಹಲ್ಲು ಎಲ್ಲವನ್ನೂ ವಿಚಾರಿಸಿದೆ. ಆ ಮಾತೊಂದು ಮಾತ್ರ ಹೊರಗೆ ಬರಲಿಲ್ಲ. ಪಕ್ಕದಲ್ಲಿದ್ದ ಹೆಂಡತಿ ಫೋನು ಕಸಿದುಕೊಂಡಳು. ‘ಶಿವಪ್ಪಾರ, ನಿಮ್ಮ ತಂದಿಗೆ ಪ್ರಾಸ್ಟೇಟ್ ಕ್ಯಾನ್ಸರ್ ಇತ್ತಂತ. ನೀವೂ ತಪಾಸ ಮಾಡಿಸ್ರಿ. ಇಷ್ಟ ನೋಡ್ರಿ ಮಾತು!’

‘ಅತ್ತಿ ಹೇಳ್ಯಾಳ್ರಿ ವೈನಿ. ಹೋದ ವರ್ಷನ ಮಾಡಿಸೇನಿ, ಏನಿಲ್ಲ. ಅಣ್ಣಗೂ ಹೇಳಬೇಕಂತ ನಾಕು ಸಲ ಫೋನ್ ಮಾಡಿದ್ದೆ. ಹೆಂಗ ಹೇಳೂದ್ರಿ?’

ನಾಲ್ಕು ಸಲವೂ ನಾವಿಬ್ಬರೂ ಮಳೆಯ ವಿಷಯವನ್ನೇ ಮಾತಾಡಿದ್ದೆವು. ಒಂದು ವರ್ಷದಿಂದ ಮುಚ್ಚಿಟ್ಟವನನ್ನು ಚೆನ್ನಾಗಿ ಬೈಯಬೇಕೆಂದು ಫೋನು ಇಸಿದುಕೊಂಡೆ. ಗಂಟಲು ಸರಿಮಾಡಿಕೊಂಡೆ.

‘ಏನೋ, ನಿಮ್ಮ ಕಡೆ ಮಳಿ ಹೆಂಗೈತಿ?’ ಎಂದೆ.