ಸ್ನೇಹ ಸಂಘದಲ್ಲಿ ರೋಸ್

ಇಷ್ಟೆಲ್ಲ ರಾದ್ಧಾಂತಕ್ಕೆ ಮೂಲ ದಾಲ್ಚಿನ್ನಿ ಪುಡಿ. ಅದೂ ಕೇಕಿನ ಮೇಲೆ ಉದುರಿಸುವಷ್ಟಲ್ಲ, ಬಕೆಟ್ ತುಂಬ.

ಕಾಸ್ಮಿರ್ ಶಿರ್ವದವನು. ಸೌದಿಯ ಯಾನ್ಬುವಿನಲ್ಲಿ ವಿದೇಶೀ ಇಂಜಿನಿಯರುಗಳು ವಾಸಿಸುವ ಒಂದು ಕಾಂಪೌಂಡಿನ ಕ್ಲಬ್ಬಿಗೆ ಸೂಪರ್‌ವೈಸರ್. ಹುದ್ದೆಯ ಹೆಸರು ದೊಡ್ಡದು, ಕೆಲಸ ಮಾತ್ರ ಕುರ್ಚಿ ಹಾಕಿಸುವುದು, ಬಲೂನು ಕಟ್ಟಿಸುವುದು, ಮರುದಿನ ಎರಡನ್ನೂ ತೆಗೆಸುವುದು. ಸಾಲದ್ದಕ್ಕೆ ಬ್ರಿಟಿಷ್-ಡ್ಯಾನಿಶ್ ಸ್ನೇಹ ಸಂಘ ಎಂಬುದೊಂದು ಅವನ ಕೊರಳಿಗೆ ಬಿದ್ದಿತ್ತು. ಸಂಘಕ್ಕೆ ಅಧ್ಯಕ್ಷ, ಉಪಾಧ್ಯಕ್ಷ, ಖಜಾಂಚಿ ಎಲ್ಲರೂ ಇದ್ದರು. ಬೆವರು ಸುರಿಸುವುದಕ್ಕೆ ಕಾಸ್ಮಿರ್ ಇದ್ದ.

ಎರಡು ದೇಶದವರಿಗೂ ಜಗಳವೇನಿರಲಿಲ್ಲ. ಆದರೆ ಡ್ಯಾನಿಶರು ಮನಸ್ಸಿನಲ್ಲಿದ್ದುದನ್ನು ಮುಖಕ್ಕೆ ಹೊಡೆದ ಹಾಗೆ ಹೇಳುವವರು, ಬ್ರಿಟಿಷರು ಅದೊಂದನ್ನು ಬಿಟ್ಟು ಬೇರೆಲ್ಲವನ್ನೂ ಹೇಳುವವರು. ಇಂಥವರ ನಡುವೆ ಸ್ನೇಹ ಉಳಿಯಬೇಕಾದರೆ ಸಂಘವೇ ಬೇಕು. ಸಂಘದಲ್ಲೊಂದು ಕಟ್ಟುನಿಟ್ಟಿತ್ತು: ಏನು ಮಾಡಿದರೂ ಎರಡು ಕಡೆಗೂ ಸಮಪಾಲು. ಒಬ್ಬ ಬ್ರಿಟಿಷ್ ಹಾಡಿದರೆ ಒಬ್ಬ ಡ್ಯಾನಿಶ್ ಹಾಡಲೇಬೇಕು, ಅವನಿಗೆ ಬರಲಿ ಬಿಡಲಿ. ಬಲಗಡೆ ಇವರು ಕೂತರೆ ಎಡಗಡೆ ಅವರು ಕೂರಬೇಕು. ಕಳೆದ ವರ್ಷ ಎರಡು ಕಡೆಯವರೂ ಒಂದೇ ಚಾಕುವಿಗೆ ಕೈಹಾಕಿ ಕೇಕು ಕಾರ್ಪೆಟ್ಟಿನ ಪಾಲಾಗಿತ್ತು. ಕಾರ್ಪೆಟ್ಟು ತೊಳೆದವನು ಯಾರೆಂದು ಹೇಳಬೇಕಾಗಿಲ್ಲ.

ಆ ಶುಕ್ರವಾರ ಕಾಸ್ಮಿರನಿಗೆ ಬೇಕಾಗಿದ್ದುದು ಒಂದೇ, ರಜೆ. ಕ್ರಿಸ್ಮಸ್ ಕಳೆದ ಮೇಲೆ ಊರಿನಲ್ಲಿ ವಿನ್ನಿಯ ಜೊತೆ ಅವನ ಮದುವೆ. ಮದುವೆ ಈಗಾಗಲೇ ಎರಡು ಸಲ ಮುಂದೆ ಹೋಗಿತ್ತು. ಒಮ್ಮೆ ಸಂಘದ ವಾರ್ಷಿಕೋತ್ಸವ, ಇನ್ನೊಮ್ಮೆ ಕ್ಲಬ್ಬಿನ ರಿಪೇರಿ. ವಿನ್ನಿ ಶಾಲೆಯಲ್ಲಿ ಟೀಚರು. ಅವಳ ಮೇಲೆ ಇವನಿಗೆ ಪ್ರಾಣ, ಅವಳಿಗೂ ಇವನ ಮೇಲೆ ಅಷ್ಟೇ. ಅವಳ ತಂದೆಯ ಕತೆ ಬೇರೆ. ಅವರು ಚರ್ಚಿನ ವಾರ್ಡಿಗೆ ಗುರ್ಕಾರ್, ಅಂದರೆ ಮುಖಂಡರು. ವಾರ್ಡಿನ ನಾಲ್ಕು ಜನರ ಜಗಳ ಬಿಡಿಸುವ ಮನುಷ್ಯನಿಗೆ ತನ್ನ ಮಗಳ ಮದುವೆಯೇ ನಡೆಸಲಾಗುತ್ತಿಲ್ಲ ಎಂದು ಜನ ಆಡಿಕೊಳ್ಳತೊಡಗಿದ್ದರು. ಇನ್ನೊಂದು ಸಲ ಮುಂದೆ ಹೋದರೆ ಬೇರೆ ಹುಡುಗನನ್ನು ನೋಡುವುದಾಗಿ ಗುರ್ಕಾರರು ಫೋನಿನಲ್ಲಿ ಹೇಳಿಯೂ ಆಗಿತ್ತು. ಅವರು ಹೇಳಿದ್ದನ್ನು ಮಾಡುವವರು.

ರಜೆಗೆ ಸಹಿ ಹಾಕಬೇಕಾದವರು ವಿಟ್ಲಾಕ್ ಸಾಹೇಬರು. ಅವರು ಕಾಂಪೌಂಡಿನ ಮ್ಯಾನೇಜರ್, ಸ್ನೇಹ ಸಂಘದ ಅಧ್ಯಕ್ಷರೂ ಹೌದು, ಅಪ್ಪಟ ಬ್ರಿಟಿಷ್. ಬೆಳಿಗ್ಗೆ ಕ್ಲಬ್ಬಿಗೆ ಬಂದವರು ರಜೆಯ ವಿಷಯ ಕೇಳಿ, ಇವತ್ತಿನ ಕಾರ್ಯಕ್ರಮ ಕಳೆಯಲಿ, ನೋಡೋಣ ಎಂದರು. ಇವತ್ತು ಯೆನ್ಸನ ದಿನ. ಯೆನ್ಸ್ ಡ್ಯಾನಿಶ್ ಇಂಜಿನಿಯರ್, ಬಿಳಿ ಜೋಳದ ದಂಟಿನ ಹಾಗೆ ಉದ್ದಕ್ಕಿದ್ದ ಹುಡುಗ. ಡ್ಯಾನಿಶರದ್ದೊಂದು ಪದ್ಧತಿಯಂತೆ, ಅವನನ್ನು ಹುಲ್ಲಿನ ಮೇಲೆ ನಿಲ್ಲಿಸಿ ಮೈಮೇಲೆಲ್ಲ ದಾಲ್ಚಿನ್ನಿ ಪುಡಿ ಸುರಿಯುತ್ತಾರಂತೆ. ಬಕೆಟ್ ತುಂಬ ಪುಡಿ ಬೇಕು, ಕೆಳಗೆ ಪ್ಲಾಸ್ಟಿಕ್ ಹಾಸಬೇಕು.

ಕಾಸ್ಮಿರನಿಗೆ ಮೈ ಜುಮ್ಮೆಂದಿತು. ಮೈಗೆ ಹಚ್ಚುವುದು, ತಲೆಗೆ ಸುರಿಯುವುದು, ಸುತ್ತ ಜನ ನಿಲ್ಲುವುದು. ಇದು ಅವನಿಗೆ ಗೊತ್ತಿಲ್ಲದ್ದೇ? ಮಂಗಳೂರು ಕಡೆಯ ಕ್ರಿಶ್ಚಿಯನ್ನರ ಮನೆಯಲ್ಲಿ ಮದುವೆಯ ಮುನ್ನಾದಿನ ರೋಸ್. ಮದುಮಗನನ್ನು ಕುರ್ಚಿಯಲ್ಲಿ ಕೂರಿಸಿ ಎಣ್ಣೆ ಹಚ್ಚಿ ತೆಂಗಿನಹಾಲು ಸುರಿಯುತ್ತಾರೆ. ಡ್ಯಾನಿಶರ ದೇಶದಲ್ಲಿ ತೆಂಗಿಲ್ಲ, ಪಾಪ, ದಾಲ್ಚಿನ್ನಿಯಲ್ಲೇ ಸುಧಾರಿಸಿಕೊಳ್ಳುತ್ತಾರೆ ಎಂದುಕೊಂಡ. ಆದರೂ ಖಾತ್ರಿ ಮಾಡಿಕೊಳ್ಳೋಣವೆಂದು, ಇದು ಮದುವೆಯ ವಿಷಯವೇ ಸರ್ ಎಂದು ಕೇಳಿದ.

ನಿಜವೇನೆಂದರೆ, ಇಪ್ಪತ್ತೈದು ತುಂಬಿದರೂ ಮದುವೆಯಾಗದವನ ಮೇಲೆ ಡ್ಯಾನಿಶರು ತಮಾಷೆಗೆ ದಾಲ್ಚಿನ್ನಿ ಸುರಿಯುತ್ತಾರೆ. ಇನ್ನೊಬ್ಬನಿಗೆ ಮದುವೆಯಾಗಿಲ್ಲ ಎಂದು ಬಾಯಿಬಿಟ್ಟು ಹೇಳುವುದು ಬ್ರಿಟಿಷರ ಮರ್ಯಾದೆಗೆ ಒಗ್ಗುವ ಮಾತಲ್ಲ. ವಿಟ್ಲಾಕ್ ಸಾಹೇಬರು ಕಿಟಕಿಯ ಕಡೆ ನೋಡಿ, "ಒಂದು ರೀತಿಯಲ್ಲಿ ಹೌದು, ಮದುವೆಗೇ ಸಂಬಂಧಪಟ್ಟದ್ದು" ಎಂದರು. ಅಷ್ಟು ಸಾಕಾಯಿತು.

ಕಾಸ್ಮಿರ್ ಸೀದಾ ಕ್ಯಾಂಟೀನಿಗೆ ಹೋದ. ಅಡಿಗೆಯ ಉಸ್ತುವಾರಿ ಉಪ್ಪಿನಂಗಡಿಯ ಮಿಸ್ಬಾಹ್‌ನದು. ಅವನು ವಿಷಯ ಕೇಳಿ, ತಮ್ಮಲ್ಲಿ ಮದುವೆಗೆ ಮದರಂಗಿ ಹಚ್ಚುವುದುಂಟು, ಆದರೆ ಬಿರಿಯಾನಿಯ ಮಸಾಲೆ ಮೈಗೆ ಹಾಕಿಕೊಳ್ಳುವವರನ್ನು ಕಂಡಿಲ್ಲ ಎಂದ. ಪುಡಿ ಕೊಟ್ಟ. ಕೊಡುವಾಗ, ಹುಡುಗಿ ಯಾರೆಂದು ಕೇಳಿದ. ಕಾಸ್ಮಿರನಿಗೆ ಅದು ಹೊಳೆದೇ ಇರಲಿಲ್ಲ.

ಅದಕ್ಕೆ ಮೆಟಿಲ್ಡಾ ಬಾಯಿ ಇದ್ದರು. ಕಾಂಪೌಂಡಿನ ಶಿಶುವಿಹಾರದಲ್ಲಿ ಟೀಚರು, ಇವರೂ ಶಿರ್ವದವರೇ, ಗುರ್ಕಾರರ ವಾರ್ಡಿನವರೇ. ಕಾಂಪೌಂಡಿನಲ್ಲಿ ಯಾರ ಮನೆಯ ಕುಕ್ಕರ್ ಎಷ್ಟು ಸಲ ಕೂಗಿತೆಂದು ಇವರಿಗೆ ಗೊತ್ತಿರುತ್ತದೆ. ಹುಡುಗಿ ಫಿಯೋನಾ, ಲ್ಯಾಬಿನಲ್ಲಿ ಕೆಲಸ ಮಾಡುವ ಬ್ರಿಟಿಷ್ ಹುಡುಗಿ, ಇನ್ಯಾರು ಎಂದು ಒಂದೇ ಏಟಿಗೆ ತೀರ್ಮಾನಿಸಿದರು. ಇಬ್ಬರೂ ದಿನಾ ಒಂದೇ ಕಾರಿನಲ್ಲಿ ಬರುವುದನ್ನು ಕಣ್ಣಾರೆ ನೋಡಿದ್ದರು. ಆ ಕಾರಿನಲ್ಲಿ ಇನ್ನೂ ಮೂವರು ಬರುತ್ತಿದ್ದರು, ಅದು ಬೇರೆ ಮಾತು.

"ಬರೀ ಒಣಪುಡಿಯಾ ಕಾಸ್ಮಿರ್?" ಎಂದರು ಬಾಯಿ. "ತಂದೆತಾಯಿ ಅಷ್ಟು ದೂರ ಇರುವ ಮಕ್ಕಳು. ನಾವು ಇಷ್ಟು ಹೆಂಗಸರು ಇಲ್ಲಿ ಇದ್ದು ಎಂತಕ್ಕೆ? ಚಂದದಲ್ಲಿ ಒಂದು ರೋಸ್ ಮಾಡುವ. ನಿನ್ನ ಸಾಹೇಬ ಖುಷಿಯಲ್ಲಿ ಸಹಿ ಹಾಕದಿದ್ದರೆ ನನ್ನನ್ನು ಕೇಳು."

ಸಹಿ ಎಂಬ ಮಾತು ಕಿವಿಗೆ ಬಿದ್ದ ಮೇಲೆ ಕಾಸ್ಮಿರನ ಬುದ್ಧಿ ಕೆಲಸ ಮಾಡಲಿಲ್ಲ. ತೆಂಗಿನಕಾಯಿಗೆ ಓಡಿದ. ಜುಮಾ ನಮಾಜಿನ ಹೊತ್ತು, ಪೇಟೆಯ ಅಂಗಡಿಗಳೆಲ್ಲ ಬಾಗಿಲು ಹಾಕಿದ್ದವು. ಡಬ್ಬಿಯ ತೆಂಗಿನಹಾಲು ಆಗುವುದಿಲ್ಲವೇ ಎಂದು ಕೇಳಿದ್ದಕ್ಕೆ ಬಾಯಿ, ನಿನ್ನ ಮದುವೆಗೆ ನಿನ್ನ ಅಮ್ಮ ಡಬ್ಬಿ ಒಡೆಯುತ್ತಾರಾ ಎಂದು ಬೈದರು. ಕಡೆಗೆ ಕ್ಯಾಂಟೀನಿನ ಮೀನುಸಾರಿಗೆಂದು ಇಟ್ಟಿದ್ದ ಕಾಯಿಗಳನ್ನು ಕಾಸ್ಮಿರ್ ಕಾಡಿಬೇಡಿ ತಂದ. ಆ ದಿನ ಕ್ಯಾಂಟೀನಿನಲ್ಲಿ ಮೀನಿಗೆ ಟೊಮೆಟೊ ಗತಿಯಾಯಿತು, ಉಂಡವರು ಮಿಸ್ಬಾಹ್‌ನ ಮೇಲೆ ಹರಿಹಾಯ್ದರು.

"ನಿಮ್ಮ ಯೆನ್ಸ್ ಸಾಹೇಬರ ಮದುವೆಗೆ ನಾನು ಬೈಸಿಕೊಳ್ಳುವುದು ಎಂತ ಕರ್ಮ ಮಾರಾಯ್ರೆ" ಎಂದ ಮಿಸ್ಬಾಹ್. ಆದರೂ ಮನಸ್ಸು ತಡೆಯದೆ ಏಪ್ರನ್ ಬಿಚ್ಚಿಟ್ಟು ನೋಡಲು ಬಂದ.

ಮಧ್ಯಾಹ್ನ ಊಟವಾದ ಮೇಲೆ ಕ್ಲಬ್ಬಿನ ಹುಲ್ಲಿನ ಮೇಲೆ ಕಾರ್ಯಕ್ರಮ ಶುರುವಾಯಿತು. ಯೆನ್ಸ್ ಈಜುವ ಕನ್ನಡಕ ಹಾಕಿಕೊಂಡು ಕಂಬಕ್ಕೆ ಒರಗಿ ನಿಂತಿದ್ದ. ಡ್ಯಾನಿಶರು ಹೋ ಎಂದು ಪುಡಿ ಎರಚಿದರು. ಬ್ರಿಟಿಷರು ದೂರದಲ್ಲಿ ಸಾಲಾಗಿ ನಿಂತು, ತಮ್ಮ ಸರದಿ ಬಂದಾಗ ಒಂದೊಂದು ಚಿಟಿಕೆ ಹಾಕಿ, ಕ್ಷಮಿಸಬೇಕು ಎಂದು ಹೇಳಿ ಹೋದರು. ಹುಡುಗ ಇಟ್ಟಿಗೆಯ ಬಣ್ಣಕ್ಕೆ ತಿರುಗಿ ಸೀನುತ್ತಿದ್ದ.

ಆಗಲೇ ಕ್ಲಬ್ಬಿನ ಬಾಗಿಲಿನಿಂದ ಹಾಡು ಕೇಳಿಸಿತು. ಮುಂದೆ ಮೆಟಿಲ್ಡಾ ಬಾಯಿ, ರೇಷ್ಮೆ ಸೀರೆ, ಕೈಯಲ್ಲಿ ತೆಂಗಿನಹಾಲಿನ ಪಾತ್ರೆ. ಹಿಂದೆ ಐದಾರು ಹೆಂಗಸರು ಕೊಂಕಣಿಯಲ್ಲಿ ರೋಸಿನ ಹಾಡು ಹಾಡುತ್ತ ಬಂದರು. ಅವರ ಪಕ್ಕದಲ್ಲಿ ಇಸ್ತ್ರಿ ಹಾಕಿದ ಅಂಗಿಯಲ್ಲಿ ಕಾಸ್ಮಿರ್. ಅವನು ಮೈಕ್ ಹಿಡಿದು, ಬೆಳಗಿನಿಂದ ಬಾಯಿಪಾಠ ಮಾಡಿದ್ದ ಇಂಗ್ಲಿಷಿನಲ್ಲಿ, ಮದುಮಗ ಯೆನ್ಸನಿಗೂ ಮದುಮಗಳು ಫಿಯೋನಾಳಿಗೂ ಕರಾವಳಿಯ ಸಮಸ್ತರ ಪರವಾಗಿ ಶುಭಾಶಯ ಕೋರಿದ.

ಹಾಡು ನಿಂತಿತು. ಯೆನ್ಸ್ ಕನ್ನಡಕ ತೆಗೆದ. ತನಗೆ ಮದುವೆಯಿಲ್ಲ, ಇಲ್ಲದ್ದಕ್ಕೇ ಈ ಪುಡಿ ಎಂದು ನೇರವಾಗಿ ಹೇಳಿದ. ಫಿಯೋನಾ ಕಿವಿಯವರೆಗೆ ಕೆಂಪಾಗಿ, ಎಷ್ಟು ಒಳ್ಳೆಯ ಸುದ್ದಿ, ನನಗೆ ಗೊತ್ತೇ ಇರಲಿಲ್ಲ ಎಂದಳು. ವಿಟ್ಲಾಕ್ ಸಾಹೇಬರು ತಮ್ಮ ಬೂಟು ನೋಡಿಕೊಂಡರು. ಮಿಸ್ಬಾಹ್ ಮಾತ್ರ, ಇದಕ್ಕಾ ನನ್ನ ಕಾಯಿ ಹೋದದ್ದು ಎಂದು ಎಲ್ಲರಿಗೂ ಕೇಳುವಂತೆ ಗೊಣಗಿದ.

ಕಾಸ್ಮಿರನಿಗೆ ಭೂಮಿ ಬಾಯಿಬಿಟ್ಟರೆ ಸಾಕಾಗಿತ್ತು. ಹೋಯಿತು ರಜೆ, ಹೋಯಿತು ವಿನ್ನಿ ಎಂದು ಅವನ ಕಣ್ಣಲ್ಲಿ ನೀರೇ ಬಂತು. ದಾಲ್ಚಿನ್ನಿ ಗಾಳಿಯಲ್ಲಿತ್ತು, ಹಾಗಾಗಿ ಯಾರೂ ಗಮನಿಸಲಿಲ್ಲ.

ಅವನನ್ನು ಉಳಿಸಿದವನು ಯೆನ್ಸ್. ಪಾತ್ರೆಯಲ್ಲಿ ಏನಿದೆ ಎಂದು ಬಗ್ಗಿ ನೋಡಿ ಮೂಸಿದ. ಮದುವೆಯಾಗದವನಿಗೆ ನಾವು ಸುರಿಯುತ್ತೇವೆ, ಮದುವೆಯಾಗುವವನಿಗೆ ಇವರು ಸುರಿಯುತ್ತಾರೆ, ಇದನ್ನು ನೋಡದೆ ಬಿಡಬಾರದು ಎಂದ. ಇಷ್ಟು ಹಾಲು ಚೆಲ್ಲುವುದಂತೂ ತಪ್ಪು ಎಂದೂ ಸೇರಿಸಿದ. ವಿಟ್ಲಾಕ್ ಸಾಹೇಬರಿಗೆ ಹೋದ ಜೀವ ಬಂತು. ಸಂಸ್ಕೃತಿ ವಿನಿಮಯವೇ ಸಂಘದ ಉದ್ದೇಶವಲ್ಲವೇ, ಆದರೆ ಇಲ್ಲಿ ಮದುವೆಯಾಗುವವರು ಯಾರಿದ್ದಾರೆ ಎಂದು ಸುತ್ತ ನೋಡಿದರು.

ಮೆಟಿಲ್ಡಾ ಬಾಯಿ ಪಾತ್ರೆ ಹಿಡಿದ ಕೈಯಲ್ಲೇ ಕಾಸ್ಮಿರನನ್ನು ತೋರಿಸಿದರು.

ಅವನು ಬೇಡವೆನ್ನುವಷ್ಟರಲ್ಲಿ ಕುರ್ಚಿ ಬಂತು. ಒಂದಲ್ಲ, ಮೂರು. ಸಮಪಾಲಿನ ನಿಯಮ ಯಾರನ್ನು ಬಿಟ್ಟೀತು? ಎಡಗಡೆ ಡ್ಯಾನಿಶರ ಪರವಾಗಿ ಯೆನ್ಸ್ ಕೂತ. ಬಲಗಡೆ ಬ್ರಿಟಿಷರ ಪರವಾಗಿ ಯಾರಾದರೂ ಕೂರಬೇಕು. ಈಗಷ್ಟೇ ಅವಮಾನವಾದ ಹುಡುಗಿಗೆ ಆ ಗೌರವ ಸಲ್ಲಲಿ ಎಂದು ಸಾಹೇಬರೇ ಫಿಯೋನಾಳನ್ನು ಕೂರಿಸಿದರು. ಅವಳು ನಾಚಿಕೊಂಡೇ ಕೂತಳು. ಹೆಂಗಸರು ಅವಳ ಮುಡಿಗೆ ಹೂ ಸಿಕ್ಕಿಸಿದರು. ಒಬ್ಬರಿಗೆ ಹಚ್ಚಿದ ಎಣ್ಣೆ ಮೂವರಿಗೂ, ಒಬ್ಬರಿಗೆ ಸುರಿದ ಹಾಲು ಮೂವರಿಗೂ.

ವಿಡಿಯೋ ತೆಗೆಯಲು ತಮ್ಮ ಫೋನನ್ನು ಮಿಸ್ಬಾಹ್‌ನ ಕೈಗಿತ್ತು ಬಾಯಿ ಮನಸಾರೆ ಹಾಡಿದರು. ಬಹಳ ದಿನಗಳ ಮೇಲೆ ರೋಸಿನ ಹಾಡು ಬಾಯಿಗೆ ಬಂದದ್ದಕ್ಕೆ, ಊರುಬಿಟ್ಟು ವರ್ಷಗಳಾದ ಹೆಂಗಸರಲ್ಲಿ ಒಬ್ಬಿಬ್ಬರು ಕಣ್ಣೊರೆಸಿಕೊಂಡರು. ಕಾಸ್ಮಿರನಿಗೂ ಅಮ್ಮನ ನೆನಪಾಯಿತು. ಅವನು ನಕ್ಕ, ಪಕ್ಕದವರೂ ನಕ್ಕರು. ಡ್ಯಾನಿಶರು ಚಪ್ಪಾಳೆ ತಟ್ಟಿದರು. ಬ್ರಿಟಿಷರೂ ಸಾಲು ಮುರಿದು ಹತ್ತಿರ ಬಂದು ಎಣ್ಣೆಗೆ ಬೆರಳದ್ದಿದರು. ಇಂಥದ್ದು ಸಂಘದ ಚರಿತ್ರೆಯಲ್ಲೇ ಆಗಿರಲಿಲ್ಲ.

ತೊಟ್ಟಿಕ್ಕುವ ತಲೆಯಲ್ಲೇ ಕಾಸ್ಮಿರ್ ಸಾಹೇಬರ ಮುಂದೆ ನಿಂತ. ಅವರು ಅಲ್ಲೇ ಸಹಿ ಹಾಕಿದರು. ಅವನ ಜಾಗಕ್ಕೆ ಜೆದ್ದಾದಿಂದ ಬದಲಿ ಮನುಷ್ಯನನ್ನೂ ಫೋನಿನಲ್ಲೇ ಗೊತ್ತುಮಾಡಿದರು, ಟಿಕೆಟ್ಟಿಗೂ ಹೇಳಿದರು. ಇನ್ನು ದೇವರು ಬಂದರೂ ಇದು ಬದಲಾಗುವುದಿಲ್ಲ ಎಂದು ಬೆನ್ನು ತಟ್ಟಿದರು. ಬೆನ್ನಿನಲ್ಲಿ ಎಣ್ಣೆಯಿತ್ತು, ಅದಕ್ಕೂ ಬೇಸರಪಡಲಿಲ್ಲ.

ಕಾಸ್ಮಿರ್ ಕೋಣೆಗೆ ಓಡಿ, ಸ್ನಾನ ಕೂಡ ಮಾಡದೆ ವಿನ್ನಿಗೆ ಫೋನ್ ಹಚ್ಚಿದ. ತೆಗೆದವರು ಗುರ್ಕಾರರು. ರಜೆ ಸಿಕ್ಕಿತು ಮಾವ, ಈ ಸಲ ಗ್ಯಾರಂಟಿ ಎಂದು ಇವನು ಒಂದೇ ಉಸಿರಿಗೆ ಹೇಳಿದ.

"ನೋಡಿದೆವು" ಎಂದರು ಗುರ್ಕಾರರು. "ಮೆಟಿಲ್ಡಾ ವಾರ್ಡಿನ ಗ್ರೂಪಿಗೆ ವಿಡಿಯೋ ಹಾಕಿದ್ದಾರೆ. ಯಾನ್ಬುವಿನಲ್ಲಿ ನಮ್ಮ ಕಾಸ್ಮಿರನ ರೋಸ್ ಅಂತ ಬರೆದಿದ್ದಾರೆ. ಇಡೀ ವಾರ್ಡ್ ನೋಡಿತು. ಹಾಡು ಚಂದ ಇತ್ತು. ಒಂದು ಕಡೆ ಬೆಸ್ಟ್‌ಮ್ಯಾನ್, ಒಂದು ಕಡೆ ಹುಡುಗಿ. ಎಲ್ಲ ಕ್ರಮದಲ್ಲೇ ಮಾಡಿದ್ದೀರಿ."

ಕಾಸ್ಮಿರ್ ಸಂಘ ಎಂದ, ಸಮಪಾಲು ಎಂದ, ದಾಲ್ಚಿನ್ನಿ ಎಂದ. ಹೇಳಿದಷ್ಟೂ ಅವನಿಗೇ ಅದು ಸುಳ್ಳಿನ ಹಾಗೆ ಕೇಳಿಸತೊಡಗಿತು.

"ಬಿಡು. ಎರಡು ಸಲ ರಜೆ ಯಾಕೆ ಸಿಗಲಿಲ್ಲ ಅಂತ ಈಗ ಗೊತ್ತಾಯ್ತು. ರೋಸ್ ಆದವನಿಗೆ ಇನ್ನೊಂದು ರೋಸ್ ಇಲ್ಲ."

ವಿನ್ನಿಗೆ ಕೊಡಿ ಎಂದು ಅವನು ಅಂಗಲಾಚಿದ. ಅವರು ಕೊಟ್ಟರು. ಅವಳು ಅತ್ತಿದ್ದಳೆಂದು ದನಿಯಿಂದಲೇ ತಿಳಿಯುತ್ತಿತ್ತು.

"ಆ ಹುಡುಗಿಯ ಕಿವಿಯ ಹಿಂದೆ ಎಣ್ಣೆ ಸರಿ ಹಚ್ಚಲಿಲ್ಲ. ಬೇಕಾದರೆ ಹೇಳಿ ಮೆಟಿಲ್ಡಾ ಬಾಯಿಗೆ" ಎಂದು ಫೋನ್ ಇಟ್ಟಳು.

ಕಾಸ್ಮಿರ್ ಮೆಟಿಲ್ಡಾ ಬಾಯಿಯ ಬಾಗಿಲು ಬಡಿದ. ಬಾಯಿ ಹೌಹಾರಿದರು. ಈಗಲೇ ಎಲ್ಲ ಸರಿಮಾಡುತ್ತೇನೆ ಎಂದು ಗ್ರೂಪಿನಲ್ಲಿ ಬರೆಯಲು ಕೂತರು. ಗುರ್ಕಾರರು ತಪ್ಪು ತಿಳಿಯಬಾರದು, ಕಾಸ್ಮಿರ್ ಪಾಪದವನು, ಪಕ್ಕದಲ್ಲಿ ಕೂತ ಹುಡುಗಿಯೂ ತುಂಬ ಒಳ್ಳೆಯವಳು, ಲ್ಯಾಬಿನಲ್ಲಿ ಒಳ್ಳೆಯ ಕೆಲಸದಲ್ಲಿದ್ದಾಳೆ ಎಂದು ಬರೆದು ಕಳಿಸಿಯೇಬಿಟ್ಟರು. ಕಾಸ್ಮಿರ್ ಓದುವಷ್ಟರಲ್ಲಿ ಕೆಳಗೆ ಅಭಿನಂದನೆಗಳು ಬರತೊಡಗಿದ್ದವು. ಕೊನೆಗೆ ಗುರ್ಕಾರರು ಗ್ರೂಪ್ ಬಿಟ್ಟರು ಎಂದು ತೋರಿಸಿತು.

ಇಡೀ ವಾರ್ಡ್ ನೋಡಿದ ಮೇಲೆ ಯಾವ ಮುಖ ಹೊತ್ತು ಊರಿಗೆ ಹೋಗುವುದು? ಕಾಸ್ಮಿರ್ ಉಳಿದಿದ್ದ ಒಂದೇ ದಾರಿ ಹಿಡಿದು ವಿಟ್ಲಾಕ್ ಸಾಹೇಬರ ಮನೆಗೆ ಹೋದ. ಮದುವೆ ನಿಂತಿದೆ, ರಜೆ ಸದ್ಯಕ್ಕೆ ಬೇಡ, ಮುಂದೆಂದಾದರೂ ಕೊಡಿ ಎಂದು ಕೇಳಿಕೊಂಡ. ಸಾಹೇಬರು ಬಹಳ ನೊಂದುಕೊಂಡರು, ಚಹಾ ಕೊಟ್ಟರು, ಹವಾಮಾನದ ಬಗ್ಗೆ ಮಾತಾಡಿದರು. ಬದಲಿ ಮನುಷ್ಯ ಗೊತ್ತಾಗಿದ್ದಾನೆ, ಟಿಕೆಟ್ಟೂ ಆಗಿದೆ, ಇನ್ನು ಏನೂ ಮಾಡುವಂತಿಲ್ಲ ಎಂದರು. ಹೇಗೂ ಇಷ್ಟು ಕಾದು ಪಡೆದ ರಜೆ, ಊರಲ್ಲಿ ಆರಾಮಾಗಿ ಕಳೆದು ಬಾ ಎಂದು ಬಾಗಿಲವರೆಗೆ ಬಂದು ಬೀಳ್ಕೊಟ್ಟರು.