ಬೀಡಿ ಬಿಡಿಸುವ ಮಾತ್ರೆಯವರಿಗೆ, ಒಂಬತ್ತು ಕಾಲ್ಬೆರಳಿನವನಿಂದ

ಗೆ,
ಬೀಡಿ ಬಿಡಿಸುವ ಮಾತ್ರೆಯವರ ಘನ ಸನ್ನಿಧಾನಕ್ಕೆ,
ಬೆಳ್ಳಿ ಹಾಳೆಯ ನಿವಾಸ, ನಮ್ಮ ಅಡುಗೆಮನೆಯ ಸಾಸಿವೆ ಡಬ್ಬಿಯ ಹಿಂದೆ, ಕೂಡ್ಲಿಗಿ.

ವಿಷಯ: ಔಷಧಿ ಚೀಟಿ ಒಬ್ಬನ ಹೆಸರಿಗಿದ್ದು ಗುಣ ಇನ್ನೊಬ್ಬನಿಗೆ ಆಗಿರುವ ಬಗ್ಗೆ.

ಮಾನ್ಯರೇ,

ತಾವು ಬೆಳ್ಳಿ ಹಾಳೆಯೊಳಗೆ ಬಿಸಿಲು, ಧೂಳು, ತೇವ ಯಾವುದೂ ಸೋಕದಂತೆ ಕ್ಷೇಮವಾಗಿದ್ದೀರೆಂದು ನಂಬಿ, ಕೂಡ್ಲಿಗಿಯಲ್ಲಿ ತಾಲ್ಲೂಕು ಕಚೇರಿಯ ಗೇಟಿನೆದುರು ಬೇವಿನ ಮರದ ಕೆಳಗೆ ಮೇಜು ಹಾಕಿಕೊಂಡು ಇಪ್ಪತ್ತೊಂಬತ್ತು ವರ್ಷದಿಂದ ಕಂಡವರ ಕಷ್ಟಕ್ಕೆಲ್ಲ ಅರ್ಜಿ ಬರೆದುಕೊಡುತ್ತ ಬಂದಿರುವ ಪಾಲಾಕ್ಷಪ್ಪನೆಂಬ ನಾನು, ಮೊಟ್ಟಮೊದಲ ಬಾರಿಗೆ ನನ್ನ ಸ್ವಂತ ಹೆಸರಿನಲ್ಲಿ ಒಂದು ದೂರನ್ನು ತಮ್ಮ ಪಾದಗಳಿಗೆ ಅರ್ಪಿಸುತ್ತಿದ್ದೇನೆ. ತಮಗೆ ಪಾದಗಳಿಲ್ಲವೆಂಬುದು ಗೊತ್ತು. ಇದ್ದಿದ್ದರೆ ನನ್ನ ಕಷ್ಟ ತಮಗೆ ಬೇಗ ತಿಳಿಯುತ್ತಿತ್ತು. ಇಷ್ಟು ಮರ್ಯಾದೆಯನ್ನು ನಾನು ಮನೆದೇವರಿಗೂ ಕೊಟ್ಟವನಲ್ಲ. ಬೈಯುವ ಮುಂಚೆ ಬಗ್ಗಿ ನಮಸ್ಕರಿಸಬೇಕೆಂಬುದು ನಮ್ಮ ಕಸುಬಿನ ಮೊದಲ ಪಾಠವಾದ್ದರಿಂದ ಕೊಡುತ್ತಿದ್ದೇನೆ, ಬೇರೇನೂ ತಿಳಿಯಬಾರದು.

ನನ್ನ ಬೀಡಿಯ ಸಂಗತಿಯನ್ನು ತಮ್ಮನ್ನು ಬರೆದುಕೊಟ್ಟ ಡಾಕ್ಟರಮ್ಮ ಕೇಳಿದ್ದರು. ದಿನಕ್ಕೆ ಎಷ್ಟು, ಎಷ್ಟು ವರ್ಷದಿಂದ ಎಂಬುದನ್ನು ಬರೆದುಕೊಂಡರು. ಯಾಕೆ ಎಂಬುದಕ್ಕೆ ಅವರ ಕಾಗದದಲ್ಲಿ ಜಾಗವಿರಲಿಲ್ಲ. ಆ ಜಾಗವನ್ನು ಇಲ್ಲಿ ನಾನೇ ತುಂಬುತ್ತೇನೆ. ಗುಡೇಕೋಟೆ ಕಡೆಯಿಂದಲೋ ಕೊಟ್ಟೂರಿನ ಆಚೆಯಿಂದಲೋ ಬಸ್ಸು ಹತ್ತಿ ಬರುವ ಮನುಷ್ಯ, ಬದು ಒತ್ತಿದ ಪಕ್ಕದ ಹೊಲದವನನ್ನೋ ನಿಂತುಹೋದ ಪಿಂಚಣಿಯನ್ನೋ ಎದೆಯಲ್ಲಿ ಕಟ್ಟಿಕೊಂಡು ನನ್ನ ಮುಂದೆ ಕುಕ್ಕರುಗಾಲಲ್ಲಿ ಕೂರುತ್ತಾನೆ, ಆದರೆ ಎಲ್ಲಿಂದ ಶುರು ಮಾಡಬೇಕೋ ಅವನಿಗೆ ತಿಳಿಯುವುದಿಲ್ಲ. ಆಗ ಅವನು ಜೇಬಿನಿಂದ ಒಂದು ಬೀಡಿ ತೆಗೆದು ನನ್ನ ಕಡೆ ಚಾಚುತ್ತಾನೆ. ನಾನದನ್ನು ಅವನ ಬೆಂಕಿಯಿಂದಲೇ ಹಚ್ಚಿಕೊಳ್ಳಬೇಕು, ಇಬ್ಬರೂ ಎರಡೆರಡು ದಮ್ಮು ಎಳೆಯಬೇಕು, ಆಮೇಲೆ ಮಾತು ತಾನಾಗಿ ಹೊರಡುತ್ತದೆ. ಒಲ್ಲೆನೆಂದರೆ ಅವನ ಕಷ್ಟವನ್ನೇ ಒಲ್ಲೆನೆಂದ ಹಾಗೆ. ಹೀಗೆ ಪರರ ದುಃಖವನ್ನು ಗೌರವಿಸುತ್ತ ಗೌರವಿಸುತ್ತ ನಾನು ದಿನಕ್ಕೆ ಎರಡು ಕಟ್ಟು ಸೇದುವವನಾದೆ.

ಹೋದ ದೀಪಾವಳಿ ಕಳೆದ ಮೇಲೆ ಎಡಗಾಲಿನ ಕಿರುಬೆರಳು ಕಪ್ಪಾಯಿತು. ಚಪ್ಪಲಿ ಕಚ್ಚಿರಬೇಕೆಂದು ಅರಿಶಿನ ಮೆತ್ತಿದೆ, ಎಣ್ಣೆ ಹಚ್ಚಿದೆ, ಚಪ್ಪಲಿಗೂ ಬೈದೆ. ಕೊನೆಗೆ ಬಳ್ಳಾರಿಯಲ್ಲಿ ಆ ಬೆರಳನ್ನು ತೆಗೆದರು. ಕಾಲಿನ ರಕ್ತನಾಳಗಳು ಬೀಡಿಯಿಂದ ಕಟ್ಟಿಕೊಂಡಿವೆ, ಪೂರ್ತಿ ಬಿಟ್ಟರೆ ಕಾಲು ಉಳಿಯುತ್ತದೆ, ಬಿಡದಿದ್ದರೆ ಮುಂದಿನ ಸಲ ಬೆರಳಿನ ಮಾತೇ ಇರುವುದಿಲ್ಲ, ಪಾದದ ಮಾತಾಗುತ್ತದೆ ಎಂದು ಅಲ್ಲಿಯ ಸರ್ಜನ್ ಸಾಹೇಬರು ಹೇಳಿದರು. ಅರ್ಜಿ ಬರೆಯುವುದು ಕೈಯಲ್ಲಲ್ಲವೇ ಸಾರ್ ಎಂದು ನಾನು ನಕ್ಕೆ. ಅವರು ನಗಲಿಲ್ಲ. ನನ್ನ ಹೆಂಡತಿ ಸುಮಂಗಲಾ ಕೂಡ ನಗಲಿಲ್ಲ.

ಹೀಗೆ ತಾವು ನಮ್ಮ ಮನೆಗೆ ಬಿಜಯಂಗೈದಿರಿ. ಒಟ್ಟು ಹನ್ನೆರಡು ವಾರ, ಊಟವಾದ ಮೇಲೆ ನುಂಗಬೇಕು, ಮೊದಲ ಏಳು ದಿನ ಬೀಡಿ ಸೇದಿದರೂ ನಡೆಯುತ್ತದೆ, ಎಂಟನೆಯ ದಿನದಿಂದ ಮಾತ್ರ ಮುಟ್ಟಕೂಡದು ಎಂದು ಡಾಕ್ಟರಮ್ಮ ವಿವರಿಸಿದರು. ಕಳ್ಳನನ್ನು ಏಳು ದಿನ ಮನೆಯಲ್ಲೇ ಕೂರಿಸಿ ಉಣ್ಣಿಸಿ ಎಂಟನೆಯ ದಿನ ಹೊರಗಟ್ಟುವಷ್ಟು ಸಂಭಾವಿತ ಪೊಲೀಸರನ್ನು ನಾನು ಈ ಸೀಮೆಯಲ್ಲಿ ಕಂಡಿರಲಿಲ್ಲ. ತಮ್ಮ ಜೊತೆ ಮಡಚಿ ಬಂದಿದ್ದ ಕಾಗದದ ಇಂಗ್ಲಿಷ್ ಅಕ್ಷರಗಳು ಇರುವೆಯ ಕಾಲಿಗಿಂತ ಸಣ್ಣವಿದ್ದುದರಿಂದ, ನಮ್ಮ ಮರದ ಪಕ್ಕದಲ್ಲೇ ಝೆರಾಕ್ಸ್ ಅಂಗಡಿ ಇಟ್ಟಿರುವ ಹುಲುಗೇಶನಿಂದ ಅದನ್ನು ದೊಡ್ಡದು ಮಾಡಿಸಿ, ಅವನಿಂದಲೇ ಓದಿಸಿ ಕೇಳಿದೆ. ಓಕರಿಕೆ, ತಲೆನೋವು, ಮಲಬದ್ಧತೆ, ವಿಚಿತ್ರ ಕನಸು ಎಂದು ಅವನು ಓದುತ್ತ ಹೋದ. ಮದುವೆ ಊಟದ ಪಟ್ಟಿಯೂ ಅಷ್ಟು ಉದ್ದ ಇರುವುದಿಲ್ಲ.

ಊಟವಾದ ಮೇಲೆ ಎಂಬುದನ್ನು ನಾನು ಚಹಾ ಆದ ಮೇಲೆ ಎಂದು ತಿದ್ದುಪಡಿ ಮಾಡಿಕೊಂಡಿದ್ದೆ, ಒಪ್ಪುತ್ತೇನೆ. ಆ ಸಣ್ಣ ತಿದ್ದುಪಡಿಗೆ ತಾವು ಮೂರನೆಯ ದಿನ ಬೆಳಿಗ್ಗೆ ಹನ್ನೊಂದು ಗಂಟೆಗೆ, ವಿಧವಾ ವೇತನದ ಅರ್ಜಿ ಬರೆಸಲು ಬಂದಿದ್ದ ಹೆಣ್ಣುಮಗಳ ಎದುರಿಗೆ, ನನ್ನ ಹೊಟ್ಟೆಯಲ್ಲಿದ್ದದ್ದನ್ನೆಲ್ಲ ಹೊರಹಾಕಿಸಿ ಉತ್ತರ ಕೊಟ್ಟಿರಿ. ಕನಸುಗಳ ವಿಷಯದಲ್ಲಂತೂ ತಮ್ಮ ಔದಾರ್ಯಕ್ಕೆ ಎಣೆಯಿಲ್ಲ. ಒಂದು ಕನಸಿನಲ್ಲಿ ನಾನೇ ದೊಡ್ಡ ಸಾಹೇಬನಾಗಿ ಕುರ್ಚಿಯಲ್ಲಿ ಕೂತಿದ್ದೆ, ನಾನೇ ಬರೆದ ಅರ್ಜಿ ನನ್ನ ಮುಂದೆ ಬಂತು, ದಾಖಲೆ ಸಾಲದೆಂದು ತಿರಸ್ಕರಿಸಿ ಮುದ್ರೆ ಒತ್ತಿದೆ. ಎದ್ದ ಮೇಲೆ ಅರ್ಧ ದಿನ ನನಗೆ ನನ್ನ ಮೇಲೇ ಸಿಟ್ಟಿತ್ತು.

ಆದರೂ ನಿಜವನ್ನು ಮುಚ್ಚಿಡುವುದಿಲ್ಲ. ಒಂಬತ್ತನೆಯ ದಿನ ಕದ್ದು ಒಂದು ಬೀಡಿ ಹಚ್ಚಿದರೆ ಅದು ಸುಟ್ಟ ಗೋಣಿಚೀಲದ ಹಾಗಿತ್ತು. ಹದಿನೇಳನೆಯ ವಯಸ್ಸಿನಿಂದ ನನ್ನ ತುಟಿಗೆ ಅಂಟಿಕೊಂಡಿದ್ದವಳ ಬಾಯಿಗೆ ತಾವು ಎಂಟು ದಿನದಲ್ಲಿ ಮಣ್ಣು ಹಾಕಿದಿರಿ. ಭಲೆ ಎನ್ನಬೇಕು. ಅಂಥ ಪರಾಕ್ರಮಿಗಳಾದ ತಾವು, ನಮ್ಮ ಓಬಣ್ಣ ಕೈ ಚಾಚಿದಾಗ ಮಾತ್ರ ಯಾಕೆ ಸುಮ್ಮನಿದ್ದಿರಿ ಎಂಬುದೇ ನನ್ನ ಪ್ರಶ್ನೆ.

ಓಬಣ್ಣನೆಂದರೆ ಅದೇ ಮರದ ಕೆಳಗೆ ಚಹಾ ಮಾರುವವನು. ನಮ್ಮಲ್ಲಿ ಒಂದು ಬೀಡಿ ಹಚ್ಚಿದರೆ ಮೂರು ಬಾಯಿ ತಿರುಗಿಯೇ ಕೆಳಗೆ ಬೀಳುವುದು. ಒಬ್ಬನೇ ಎಳೆದವನನ್ನು ನಾವು ಮನುಷ್ಯರ ಸಾಲಿನಲ್ಲಿ ಸೇರಿಸುವುದಿಲ್ಲ. ನಾನು ಹತ್ತನೆಯ ದಿನ ತಮ್ಮನ್ನು ಬಾಯಿಗೆ ಹಾಕಿಕೊಳ್ಳುವುದನ್ನು ನೋಡಿ ಅವನು, "ನೀನೊಬ್ಬನ ನುಂಗಾಕ ಹತ್ತೀಯಲ್ಲಲೇ ಪಾಲಾಕ್ಷಿ, ನಾವು ನಿನ್ನ ಕಣ್ಣಿಗೆ ಕಾಣಂಗಿಲ್ಲೇನು? ತಾ ಇತ್ತಾಗ ಒಂದು ತುಣುಕು" ಎಂದ. ನಾನು ಏನು ಮಾಡಬೇಕಿತ್ತು? ಇದು ನನ್ನ ಕಾಲಿಗೆ ಬರೆದದ್ದು, ನಿನಗಲ್ಲ ಎನ್ನಬೇಕಿತ್ತು. ಅನ್ನಲಿಲ್ಲ. ಅವನ ಅಡಕತ್ತಿನಲ್ಲೇ ತಮ್ಮನ್ನು ಎರಡು ಹೋಳು ಮಾಡಿ ಒಂದನ್ನು ಅವನಿಗೆ ಕೊಟ್ಟೆ. ಮಾರನೆಯ ದಿನ ಹುಲುಗೇಶನಿಗೂ ಒಂದು ಹೋಳು ಹೋಯಿತು. ಆಮೇಲೆ ಬಂದು ಕೂತವರಿಗೆಲ್ಲ ಹೋಯಿತು. ಬೀಡಿ ಸೇದುವ ಅಭ್ಯಾಸವೇ ಇಲ್ಲದ ಅಜ್ಜನೊಬ್ಬ ಮಂಡಿನೋವಿಗೆ ಇರಲಿ ಎಂದು ಎರಡು ಒಯ್ದ. ತಿಂಗಳಿಗೆ ಬರಬೇಕಾದ ತಾವು ಹದಿನೇಳನೆಯ ದಿನಕ್ಕೆ ಖಾಲಿಯಾದಿರಿ.

ಔಷಧಿ ಅಂಗಡಿಗೆ ಹೋದರೆ, "ಹೊಸಪೇಟಿಯಿಂದ ಬರಬೇಕ್ರಿ, ನಾಳೆ ನಾಡದ ಬರ್ತೈತಿ" ಎಂದರು. ಆ ನಾಳೆ ನಾಡಿದ್ದು ಬರಲು ಹದಿನಾರು ದಿನ ಹಿಡಿಯಿತು. ಕೊಟ್ಟೂರಿನಿಂದ ಹರಪನಹಳ್ಳಿಯವರೆಗೆ, ಹಗರಿಬೊಮ್ಮನಹಳ್ಳಿಯಿಂದ ಹಡಗಲಿಯವರೆಗೆ ನಾನು ತಿರುಗದ ರಸ್ತೆಯಿಲ್ಲ. ಯಾವ ಗೂಡಂಗಡಿಯವನೂ ಬೀಡಿ ನಾಳೆ ಬರುತ್ತದೆ ಎಂದದ್ದನ್ನು ನನ್ನ ಜನ್ಮದಲ್ಲಿ ಕೇಳಿಲ್ಲ. ಕೊಲ್ಲುವುದು ಹೆಜ್ಜೆಗೊಂದು ಕಡೆ ತೂಗಾಡುತ್ತದೆ, ಉಳಿಸುವುದು ಹೊಸಪೇಟೆಯಲ್ಲಿ ಗಾಡಿ ಕಾಯುತ್ತ ಕೂರುತ್ತದೆ. ತಾವು ಬರುವಷ್ಟರಲ್ಲಿ ನನ್ನ ಬೀಡಿಗೆ ಹಳೆಯ ರುಚಿಯೂ ಬಂದಿತ್ತು, ದಿನಕ್ಕೆ ಎರಡು ಕಟ್ಟೂ ಆಗಿತ್ತು. ಬಂದ ಮೇಲೂ ನಾನು ತಮ್ಮನ್ನು ತರಲು ಹೋಗಲಿಲ್ಲವೆಂಬುದನ್ನು ತಾವು ಆಕ್ಷೇಪಿಸಬಹುದು. ಸಿಟ್ಟಿನಲ್ಲಿದ್ದೆ ಎಂದು ತಿಳಿಯಿರಿ.

ಈಗ ದೂರಿನ ಮುಖ್ಯ ಭಾಗ. ಓಬಣ್ಣನಿಗೆ ತಮ್ಮಿಂದ ಬರೀ ತೇಗು ಬಂತು, ಅವನು ಇಂದಿಗೂ ಸೇದುತ್ತಾನೆ. ಆದರೆ ಹುಲುಗೇಶ ಬಿಟ್ಟುಬಿಟ್ಟ! ನನ್ನ ಚೀಟಿಯ ಮಾತ್ರೆಯಲ್ಲಿ ಒಂದು ಹೋಳು ನುಂಗಿದವನು, ಕಾಗದವನ್ನು ಓದಿದವನು ತಾನೊಬ್ಬನೇ ಆದ್ದರಿಂದ, ಹೀಗೆ ಹೋಳು ಮಾಡಿ ಹಂಚಿ ನುಂಗುವುದು ತಪ್ಪೆಂದು ತಿಳಿದುಕೊಂಡು, ನನಗೆ ಒಂದು ಮಾತೂ ಹೇಳದೆ ಆಸ್ಪತ್ರೆಗೆ ಹೋಗಿ ತನ್ನ ಹೆಸರಿಗೇ ಚೀಟಿ ಬರೆಸಿಕೊಂಡ. ಒಂದೇ ಸಲಕ್ಕೆ ಎಲ್ಲವನ್ನೂ ಹೊಸಪೇಟೆಗೆ ಹೋಗಿ ತಂದ. ಹೊಟ್ಟೆ ತುಂಬ ರೊಟ್ಟಿ ತಿಂದು ನುಂಗಿದ. ಯಾರು ಕೇಳಿದರೂ ಕೊಡಲಿಲ್ಲ, ಜಿಪುಣನೆಂದು ಬೈಸಿಕೊಂಡ. ಈಗ ಅವನ ಕೆನ್ನೆ ತುಂಬಿದೆ, ಕೆಮ್ಮು ನಿಂತಿದೆ, ಗುಡೇಕೋಟೆಯ ಗುಡ್ಡವನ್ನು ಹೆಂಡತಿ ಮಾಲಾಳ ಜೊತೆ ಒಂದೇ ಉಸಿರಿಗೆ ಹತ್ತಿ ಅಲ್ಲಿಂದ ನನಗೆ ಫೋಟೋ ಕಳಿಸುತ್ತಾನೆ. ಹೊಲ ಒಬ್ಬನದು, ಖಾತೆ ಇನ್ನೊಬ್ಬನ ಹೆಸರಿಗೆ ಎಂಬ ತಕರಾರುಗಳನ್ನು ನಾನು ನೂರಾರು ಬರೆದಿದ್ದೇನೆ. ಕಾಲು ಒಬ್ಬನದು, ಗುಣ ಇನ್ನೊಬ್ಬನಿಗೆ ಎಂಬುದನ್ನು ಬರೆಯುತ್ತಿರುವುದು ಇದೇ ಮೊದಲು.

ಆದಕಾರಣ ತಾವು ದಯಮಾಡಿ ಹುಲುಗೇಶನಲ್ಲಿರುವ ಗುಣವನ್ನು ವಾಪಸು ಪಡೆದು ಮೂಲ ಚೀಟಿದಾರನಾದ ನನಗೆ ವರ್ಗಾಯಿಸಬೇಕು. ಅವನಿಗೆ ಬೇಕಿದ್ದರೆ ನನ್ನ ಓಕರಿಕೆಯನ್ನು ಕೊಟ್ಟು ಸಮಾಧಾನ ಮಾಡಬಹುದು. ಮುಂದಿನ ಸಲ ತಾವು ಅವತರಿಸುವಾಗ ಬೀಡಿ ಕಟ್ಟುವ ತುಂಬುರೆ ಎಲೆ ಸುತ್ತಿಕೊಂಡು, ಸೊಂಟಕ್ಕೆ ಕೆಂಪು ದಾರ ಕಟ್ಟಿಕೊಂಡು, ಇಪ್ಪತ್ತೈದರ ಕಟ್ಟಿನಲ್ಲಿ ಗೂಡಂಗಡಿಯ ಮೊಳೆಗೆ ನೇತುಬೀಳಬೇಕು. ಹಚ್ಚಲು ಬರುವಂತೆ, ಮೂವರಿಗೆ ಸುತ್ತಿಸಲು ಬರುವಂತೆ, ಆದರೆ ಗುಣ ಮಾತ್ರ ಕಾಲು ಯಾರದೋ ಅವನಿಗೇ ತಟ್ಟುವಂತೆ ತಮ್ಮನ್ನು ತಾವು ತಿದ್ದಿಕೊಳ್ಳಬೇಕು. ಇವೆಲ್ಲ ಆಗದ ಮಾತೆಂದು ತಾವು ಹೇಳುವುದಾದರೆ, ಚೀಟಿ ಪ್ರಕಾರ ನುಂಗುವುದೂ ನಮ್ಮ ಮರದ ಕೆಳಗೆ ಅಷ್ಟೇ ಆಗದ ಮಾತೆಂದು ನಾನು ತಿಳಿಸಬಯಸುತ್ತೇನೆ.

ಇಲ್ಲಿಗೆ ಈ ದೂರನ್ನು ಮುಗಿಸಿ ಸಹಿ ಹಾಕಬೇಕೆಂದಿದ್ದೆ. ಆದರೆ ಹೋದ ವಾರ ಕಿರುಬೆರಳಿನ ಪಕ್ಕದ ಬೆರಳು ತಣ್ಣಗಾಗತೊಡಗಿತು. ಸುಮಂಗಲಾ ಅದನ್ನು ಮುಟ್ಟಿ ನೋಡಿದಳು. ಸಂತೆಗೆ ಹೋಗಿ ಬಂದು ಚೀಲ ಕೆಳಗಿಟ್ಟು ಹೇಳಿದಳು: "ಚಪ್ಪಲಿ ಅಂಗಡ್ಯಾಗ ಕೇಳಿ ಬಂದೀನ್ರಿ. ಒಂದ ಕಾಲಿಂದು ಮಾರಂಗಿಲ್ಲಂತ, ಜೋಡಿನ ಒಯ್ಯಬೇಕಂತ. ಬಲಗಾಲಿಂದು ನೀವು ಹಾಕ್ಕೊಳ್ರಿ. ಎಡಗಾಲಿಂದು ನಾ ಏನು ಮಾಡ್ಲಿ, ಅದಷ್ಟು ಹೇಳ್ರಿ." ಸಾವಿರಾರು ಜನರ ಕಷ್ಟಕ್ಕೆ ವಾಕ್ಯ ಹೊಂದಿಸಿದ ನಾನು ಎದ್ದು ಹೋಗಿ ಹಳೆಯ ಚೀಟಿ ಹುಡುಕತೊಡಗಿದೆ. ಅಂದು ನನಗೆ ಭಯವಾಯಿತು. ತಮಗೆ ಇಷ್ಟು ಹೊತ್ತು ಬೈದದ್ದೆಲ್ಲ ಆ ಭಯದಿಂದಲೇ ಎಂದು ತಾವು ಹೇಳಿದರೆ ನಾನು ತಕರಾರು ಮಾಡುವುದಿಲ್ಲ.

ಡಾಕ್ಟರಮ್ಮ ಚೆನ್ನಾಗಿ ಉಗಿದು ಮತ್ತೆ ಮೊದಲಿನಿಂದ ಬರೆದುಕೊಟ್ಟಿದ್ದಾರೆ. ಈ ಸಲ ಹನ್ನೆರಡು ವಾರದ್ದನ್ನೂ ಹುಲುಗೇಶನೇ ಹೊಸಪೇಟೆಯಿಂದ ತಂದುಕೊಟ್ಟ, ಅವನ ಉಪಕಾರ ಬೇಡವೆನ್ನುವ ಸ್ಥಿತಿಯಲ್ಲಿ ನಾನಿಲ್ಲ. ಸುಮಂಗಲಾ ತಮ್ಮನ್ನು ಸಾಸಿವೆ ಡಬ್ಬಿಯ ಹಿಂದಿಟ್ಟು, ನಾನು ಉಂಡ ತಟ್ಟೆ ನೋಡಿ, ಒಂದೊಂದೇ ತೆಗೆದು ಕೈಗೆ ಹಾಕುತ್ತಾಳೆ. ಇಂದಿಗೆ ಐದು ದಿನ. ಸೋಮವಾರ ಎಂಟನೆಯ ದಿನ. ಅಂದು ಯಾರೋ ಒಬ್ಬ ಬಂದು ಕೂತು ಬೀಡಿ ಚಾಚುತ್ತಾನೆ, ಆಗ ಅವನಿಗೆ ಏನು ಹೇಳಬೇಕು? ಓಕರಿಕೆಯಿಂದ ಕನಸಿನವರೆಗೆ ಎಲ್ಲವನ್ನೂ ಬರೆದ ತಮ್ಮ ಕಾಗದದಲ್ಲಿ ಇದೊಂದನ್ನು ಬರೆದಿಲ್ಲ. ಹುಲುಗೇಶನಿಂದ ಮತ್ತೊಮ್ಮೆ ಓದಿಸಿ ಖಾತ್ರಿ ಮಾಡಿಕೊಂಡಿದ್ದೇನೆ.

ನನಗೆ ನನ್ನ ಕಾಲು ಬೇಕು. ಉಳಿದ ಬೇಡಿಕೆಗಳನ್ನೆಲ್ಲ ತಾವು ಕಸಕ್ಕೆ ಹಾಕಬಹುದು.

ಇಂತು, ವಿಶ್ವಾಸ ಇನ್ನೂ ಪೂರ್ತಿ ಬಾರದಿದ್ದರೂ ಬೇರೆ ಗತಿಯಿಲ್ಲದ,
ತಮ್ಮ ವಿಶ್ವಾಸಿ,
ಪಾಲಾಕ್ಷಪ್ಪ, ಅರ್ಜಿ ಬರಹಗಾರ, ಕೂಡ್ಲಿಗಿ.

ವಿ.ಸೂ.: ಪತ್ರವನ್ನು ಮಡಚಿಡುವಷ್ಟರಲ್ಲಿ ಸೋಮವಾರ ಬಂತು. ಬೆಳಿಗ್ಗೆ ಮೊದಲು ಬಂದವನು ಕುರಿ ಕಾಯುವ ದುರುಗಣ್ಣ, ಹತ್ತು ವರ್ಷದಿಂದ ನನ್ನ ಹತ್ತಿರವೇ ಬರೆಸುವವನು. ಕೂತ, ಬೀಡಿ ಚಾಚಿದ. ಒಲ್ಲೆ ಅಂದೆ. ಕಾಲು ತೋರಿಸಿ ಯಾಕೆಂದೂ ಹೇಳಿದೆ. ಅವನು ಕಾಲನ್ನೂ ನೋಡಿದ, ನನ್ನ ಮುಖವನ್ನೂ ನೋಡಿದ, ಬೀಡಿಯನ್ನು ಕಿವಿಯ ಮೇಲೆ ಸಿಕ್ಕಿಸಿಕೊಂಡು ಎದ್ದು ನಾಲ್ಕು ಮೇಜು ಆಚೆ ಕೂತು ಅರ್ಜಿ ಬರೆಯುವ ಶಿವಶಂಕರನ ಹತ್ತಿರ ಹೋದ. ಅವರಿಬ್ಬರೂ ಒಂದೇ ಬೆಂಕಿಯಲ್ಲಿ ಹಚ್ಚಿಕೊಂಡರು, ಮಾತು ಸಲೀಸಾಗಿ ಹೊರಟಿತು. ಅವನ ಹಿಂದೆ ಬಂದ ಇನ್ನಿಬ್ಬರೂ ಅತ್ತಲೇ ಹೋದರು. ಈ ಒಲ್ಲೆ ಎಂಬ ಮಾತನ್ನು ನನ್ನಿಂದ ಹೇಳಿಸಿದವರು ತಾವೇ ಎಂದು ತಮ್ಮ ಕಂಪನಿಯವರು ಕೀರ್ತಿ ಕೇಳುವುದಿದ್ದರೆ ಒಂದು ಅರ್ಜಿ ಕೊಡಲು ಹೇಳಿ. ಬರೆದುಕೊಡುವವನು ಬೆಳಿಗ್ಗೆಯಿಂದ ಖಾಲಿ ಕೂತಿದ್ದಾನೆ.