ಕಾಪುವಿಗೆ ಹೋಗಿ ಬಂದ ಪೆಟ್ಟಿಗೆ

ಉಡುಪಿಯಿಂದ ಕಾರ್ಕಳಕ್ಕೆ ಹೋಗಲು ಬಸ್ಸಿಗೆ ಒಂದು ಗಂಟೆಗೂ ಹೆಚ್ಚು ಹೊತ್ತು ಬೇಕು. ನಮ್ಮ ಭಾವನಿಗೆ ಒಂದು ಉಸಿರು ಸಾಕಿತ್ತು! ನಂಬುವುದಿಲ್ಲವೇ? ನನ್ನ ಅಕ್ಕನ ಗಂಡ ಅವರು, ಉಡುಪಿ ಬಸ್‌ಸ್ಟ್ಯಾಂಡಿನಲ್ಲಿ ಏಜೆಂಟ್. ಹೊರಡುವ ಬಸ್ಸಿನ ಪಕ್ಕ ನಿಂತು ಊರುಗಳ ಹೆಸರು ಕೂಗಿ ಜನರನ್ನು ಹತ್ತಿಸುವ ಕೆಲಸ. "ಮಣಿಪಾಲ ಪರ್ಕಳ ಹಿರಿಯಡ್ಕ ಬೈಲೂರು ಕುಕ್ಕುಂದೂರು ಕಾರ್ಕಳ ಕಾರ್ಕಳ ಕಾರ್ಕಳಾ!" ನಡುವೆ ಎಲ್ಲಿಯೂ ಉಸಿರು ತೆಗೆದುಕೊಳ್ಳುತ್ತಿರಲಿಲ್ಲ. ಅವರು ಕೂಗಿದ ಮೇಲೆ, ಬೇರೆಲ್ಲಿಗೋ ಹೊರಟವರೂ ಒಮ್ಮೆ ಕಾರ್ಕಳಕ್ಕೆ ಹೋಗಿ ಬರೋಣವೇ ಎಂದು ಯೋಚಿಸುತ್ತಿದ್ದರು.

ಆ ಕೂಗನ್ನು ನಾನು ಪೂರ್ತಿಯಾಗಿ ಕೊನೆಯ ಸಲ ಕೇಳಿದ್ದು ಒಂದು ಶನಿವಾರ. ಕಾಪುವಿನಲ್ಲಿ ನನ್ನದೊಂದು ಸಣ್ಣ ಟೈಲರ್ ಅಂಗಡಿ. ಲೈನಿಂಗ್ ಬಟ್ಟೆ ತರಲು ಉಡುಪಿಗೆ ಹೋದವನು ಭಾವನ ಜೊತೆ ಚಹಾ ಕುಡಿಯುತ್ತಿದ್ದೆ. ಅವರ ಬೆನ್ನ ಹಿಂದೆ ಒಂದು ಬಸ್ಸು ಬಂದು ನಿಂತಿತು. ತಿರುಗಿಯೂ ನೋಡದೆ ಹೇಳಿದರು: "ಇದು ಬೆಳ್ಮಣ್ ಗಾಡಿ. ಇಂಜಿನ್ನಿಗೆ ಕೆಲಸ ಉಂಟು."

"ಹೇಗೆ ಗೊತ್ತಾಯಿತು, ಭಾವ?"

"ಹೊಗೆ ಮಾರಾಯ! ಒಂದೊಂದು ಬಸ್ಸಿಗೆ ಒಂದೊಂದು ಒಗ್ಗರಣೆ."

ನಾನು ನಕ್ಕೆ. ಅವರೂ ನಕ್ಕರು. ನಕ್ಕದ್ದು ಕೆಮ್ಮಾಯಿತು. ಕೆಮ್ಮಿ ಮುಗಿಸಿ, "ಘಾಟು ಸ್ವಲ್ಪ ಜಾಸ್ತಿಯಾಯಿತು" ಎಂದು ಚಹಾ ಮುಗಿಸಿದರು. ಅಷ್ಟೇ. ಆ ದಿನ ಬೇರೇನೂ ನಡೆಯಲಿಲ್ಲ.

ಸೋಮವಾರ ಮಣಿಪಾಲದಿಂದ ಒಬ್ಬ ಹುಡುಗಿ ಭಾವನನ್ನು ಹುಡುಕಿಕೊಂಡು ಸ್ಟ್ಯಾಂಡಿಗೆ ಬಂದಳು. ಧಾರವಾಡದ ಕಡೆಯವಳು. ಪೇಟೆಯ ಹೊಗೆಯಲ್ಲಿ ಕೆಲಸ ಮಾಡುವವರು ದಿನವಿಡೀ ಎಂಥ ಗಾಳಿ ಉಸಿರಾಡುತ್ತಾರೆ, ಅದರಿಂದ ಅವರ ಶ್ವಾಸಕೋಶಕ್ಕೆ ಏನಾಗುತ್ತದೆ ಎಂಬುದು ಅವಳ ಸಂಶೋಧನೆ. ಮೊದಲು ಭಾವನ ಬಾಯಿಗೆ ಒಂದು ಕೊಳವೆ ಕೊಟ್ಟು, "ಊದ್ರಿ ಅಂಕಲ್! ಊದ್ರಿ, ಊದ್ರಿ, ಇನ್ನೂ ಊದ್ರಿ, ಬಿಡಬ್ಯಾಡ್ರಿ!" ಎಂದು ಎದುರು ನಿಂತು ಕೂಗಿದಳಂತೆ. ಭಾವ ಕೊಳವೆ ತೆಗೆದು, "ಮಗಾ, ನಮ್ಮ ಸ್ಟ್ಯಾಂಡಿಗೆ ಸೇರಿಕೊ. ಏಜೆಂಟ್ ಕೆಲಸ ಖಾಲಿ ಉಂಟು" ಎಂದರಂತೆ! ಮತ್ತೆ ಊದಿಸಿದಳು. ಉಸಿರು ಇರಬೇಕಾದಷ್ಟು ಇಲ್ಲ, ಡಾಕ್ಟರಿಗೆ ತೋರಿಸಿ ಎಂದಳು. ಭಾವ ಅದನ್ನು ಮನೆಯಲ್ಲಿ ಹೇಳುವಾಗ ಊದಿದ ಕತೆಯನ್ನು ಹೇಳಿದರು, ಡಾಕ್ಟರಿಗೆ ತೋರಿಸುವ ಮಾತನ್ನು ನುಂಗಿದರು.

ಅವಳು ಕೊಟ್ಟು ಹೋದದ್ದು ಟಿಫಿನ್ ಡಬ್ಬಿಯಷ್ಟು ದೊಡ್ಡ ಪೆಟ್ಟಿಗೆ. ಸೊಂಟಕ್ಕೆ ಕಟ್ಟಿಕೊಳ್ಳಬೇಕು, ಅದರ ಕೊಳವೆಯ ತುದಿಯನ್ನು ಕಾಲರಿಗೆ ಸಿಕ್ಕಿಸಬೇಕು. ಒಳಗೊಂದು ಪಂಪು ಗುರ್ ಎನ್ನುತ್ತ ಗಾಳಿ ಎಳೆದು, ಎಷ್ಟು ಹೊತ್ತಿಗೆ ಎಷ್ಟು ಹೊಗೆಯಿತ್ತು ಎಂದು ಬರೆದಿಟ್ಟುಕೊಳ್ಳುತ್ತದೆ. "ನಾಳಿಂದ ಏಳು ದಿನ ಮೈಮ್ಯಾಲಿಂದ ತಗೀಬ್ಯಾಡ್ರಿ. ಮಲಗೂವಾಗ ಪಕ್ಕಕ್ಕ ಇಟ್ಕೊಳ್ರಿ" ಎಂದಿದ್ದಳು. ಯಾವ ಹೊತ್ತಿಗೆ ಎಲ್ಲಿದ್ದೆ ಎಂದು ಬರೆಯಲು ಒಂದು ಹಾಳೆಯನ್ನೂ ಕೊಟ್ಟಿದ್ದಳು.

ಬೇರೆಯವರಾದರೆ ಕಟ್ಟಿಕೊಂಡು ತಿರುಗುತ್ತಿದ್ದರು. ನಮ್ಮ ಭಾವನಿಗೆ ಮಾತ್ರ ಅದು ಪರೀಕ್ಷೆಯ ಹಾಗೆ ಕಂಡಿತು. ತನ್ನ ಪರೀಕ್ಷೆಯಲ್ಲ, ಬಸ್‌ಸ್ಟ್ಯಾಂಡಿನ ಪರೀಕ್ಷೆ! ಅಂದು ಸಂಜೆಯೇ ನನಗೆ ಫೋನು ಬಂತು.

"ಇದರಲ್ಲಿ ಕೆಟ್ಟದ್ದು ಬಂದರೆ ನಮ್ಮ ಸ್ಟ್ಯಾಂಡಿನ ಮರ್ಯಾದೆ ಎಂತ ಆಗಬೇಕು? ನಾಳೆಯಿಂದ ಕಾಪುವಿನ ಬಸ್ಸಿನಲ್ಲಿ ಕಳಿಸುತ್ತೇನೆ. ಅದಕ್ಕೆ ಸ್ವಲ್ಪ ಸಮುದ್ರದ ಗಾಳಿ ತೋರಿಸು."

"ತಪ್ಪಲ್ವಾ, ಭಾವ?"

"ನೀನು ಗಿರಾಕಿಯ ಸೊಂಟ ಅಳೆಯುವಾಗ ಅವನು ಹೊಟ್ಟೆ ಒಳಗೆ ಎಳೆದುಕೊಳ್ಳುವುದಿಲ್ವಾ? ಇದೂ ಹಾಗೆಯೇ."

ಟೈಲರ್ ಆದವನಿಗೆ ಅದು ಸರಿಯೆನಿಸಿತು! ಅಂಗಡಿಯ ಕಿಟಕಿಗೆ ಒಂದು ಮೊಳೆ ಹೊಡೆದೆ.

ನಮ್ಮಲ್ಲಿ ಬಸ್ ಕಂಡಕ್ಟರ ಕೈಯಲ್ಲಿ ಔಷಧಿ ಹೋಗುತ್ತದೆ, ಮಲ್ಲಿಗೆ ಹೋಗುತ್ತದೆ, ಮರೆತ ಕನ್ನಡಕ ಹೋಗುತ್ತದೆ. ಹಾಗೆಯೇ ದಿನಾ ಬೆಳಿಗ್ಗೆ ಭಾವನ ಪೆಟ್ಟಿಗೆ ಕಾಪುವಿಗೆ ಬಂತು. ಅಂಗಡಿಯ ಪಡುವಣ ಕಿಟಕಿಗೆ ನೇತುಹಾಕಿದೆ. ಮಧ್ಯಾಹ್ನ ಗಾಳಿ ನಿಂತರೆ ಫ್ಯಾನ್ ಅದರ ಕಡೆಗೆ ತಿರುಗಿಸಿ ನಾನು ಬೆವರಿದೆ! ಒಂದು ದಿನ ಬೇಗ ಬಾಗಿಲು ಹಾಕಿ ಕಡಲಕರೆಗೆ ಕರೆದುಕೊಂಡೂ ಹೋದೆ. ನಾನು ಚರುಮುರಿ ತಿಂದೆ, ಅದು ಗುರ್ ಎನ್ನುತ್ತ ಕುಳಿತಿತ್ತು. ಸಂಜೆಯ ಬಸ್ಸಿನಲ್ಲಿ ಉಡುಪಿಗೆ, ಅಲ್ಲಿಂದ ಭಾವನ ಸೊಂಟದಲ್ಲಿ ಪರ್ಕಳದ ಮನೆಗೆ.

ಹಾಳೆಯನ್ನು ತುಂಬಿಸಿದವನೂ ನಾನೇ. ಭಾವನ ಅಕ್ಷರ ಚೆನ್ನಾಗಿರಲಿಲ್ಲ. ಅವರು ಫೋನಿನಲ್ಲಿ ಹೇಳಿದರು, ನಾನು ಅಂಗಡಿಯಲ್ಲಿ ಕುಳಿತು ಏಳು ದಿನಕ್ಕೂ ಮುಂಚಿತವಾಗಿಯೇ ಬರೆದೆ: ಬೆಳಿಗ್ಗೆ ಬಸ್‌ಸ್ಟ್ಯಾಂಡ್, ಮಧ್ಯಾಹ್ನ ಬಸ್‌ಸ್ಟ್ಯಾಂಡ್, ಸಂಜೆ ಬಸ್‌ಸ್ಟ್ಯಾಂಡ್.

ತಿಂಗಳು ಕಳೆದು ಹುಡುಗಿ ವರದಿ ಹಿಡಿದು ಪರ್ಕಳದ ಮನೆಗೇ ಬಂದಳು. ಆ ದಿನ ನಾನೂ ಅಲ್ಲಿದ್ದೆ. ಅವಳಿಗೇ ಆಶ್ಚರ್ಯ. ಸ್ಟ್ಯಾಂಡಿನ ಹೊತ್ತಿನಲ್ಲಿ ಹೊಗೆಯೇ ಇಲ್ಲ! ಸಂಜೆ ಮನೆಗೆ ಬಂದ ಮೇಲೆ ಮಾತ್ರ ಗೆರೆ ಮೇಲಕ್ಕೆ ಹಾರಿದೆ. "ಮನ್ಯಾಗ ಏನರ ಸುಡ್ತೀರೇನ್ರಿ ಆಂಟಿ?"

ಅಕ್ಕ ಬಚ್ಚಲಿನ ಒಲೆ ತೋರಿಸಿದಳು. ದಿನಾ ಸಂಜೆ ತೆಂಗಿನ ಮಡಲು, ಸಿಪ್ಪೆ ಉರಿಸಿ, ದಣಿದು ಬರುವ ಗಂಡನಿಗೆ ಹಂಡೆ ತುಂಬ ಬಿಸಿನೀರು ಕಾಯಿಸುತ್ತಿದ್ದಳು. "ಈ ಹೊಗಿ ಕಡಿಮಿ ಮಾಡ್ರಿ" ಎಂದು ಹುಡುಗಿ ಮೆಲ್ಲಗೆ ಹೇಳಿದಳು. ಅಕ್ಕನ ಮುಖ ಸಣ್ಣದಾಯಿತು. ನಾನು ಭಾವನ ಮುಖ ನೋಡಿದೆ, ಭಾವ ಮೇಲೆ ಮಾಡಿನ ಹಂಚು ನೋಡಿದರು.

ಒಲೆ ಆರಿತು, ಗ್ಯಾಸ್ ಗೀಸರ್ ಬಂತು. ವರದಿಗೆ ಭಾವ ಲ್ಯಾಮಿನೇಷನ್ ಮಾಡಿಸಿದರು! ಕೆಮ್ಮು ಹೆಚ್ಚಾಗಿ ಡಾಕ್ಟರ ಹತ್ತಿರ ಹೋದಾಗ, ಹೊಗೆಯ ಜಾಗದಲ್ಲಿ ಕೆಲಸವೇ ಎಂದು ಅವರು ಕೇಳಿದರೆ, ಅದನ್ನೇ ಮುಂದಿಟ್ಟರು. ಅಕ್ಕ ಕೆಲಸ ಬಿಡಿ ಎನ್ನಲಿಲ್ಲ. ಯಾಕೆ ಎನ್ನುತ್ತಾಳೆ? ಸ್ಟ್ಯಾಂಡಿನ ಗಾಳಿ ಒಳ್ಳೆಯದೆಂದು ಕಾಗದದಲ್ಲೇ ಇತ್ತಲ್ಲ. ಮತ್ತೆ ಎರಡು ವರ್ಷ ಅವರು ಅದೇ ಜಾಗದಲ್ಲಿ ನಿಂತರು.

ಕೂಗು ಸಣ್ಣದಾಗುತ್ತ ಬಂತು. ಮೊದಲು ಕುಕ್ಕುಂದೂರು ಹೋಯಿತು. ಆಮೇಲೆ ಬೈಲೂರು, ಹಿರಿಯಡ್ಕ. ಕೊನೆಗೆ "ಕಾರ್ಕಳ" ಎಂದಷ್ಟೇ ಹೇಳಿ ಬಸ್ಸಿಗೆ ಕೈಯೂರಿ ನಿಲ್ಲುತ್ತಿದ್ದರು. ನಾನು ನೋಡುತ್ತಿದ್ದೇನೆಂದು ಗೊತ್ತಾಗಿ ನಕ್ಕರು. "ಈಗ ಎಕ್ಸ್‌ಪ್ರೆಸ್ ಮಾರಾಯ. ನಡುವೆ ಸ್ಟಾಪ್ ಇಲ್ಲ."

ಆಗಲೂ ನಾನು ಬಾಯಿ ಬಿಡಲಿಲ್ಲ. ಭಾವ ಬೈದಾರು ಎಂದುಕೊಂಡೆ. ಬೈದಿದ್ದರೆ ಏನಾಗುತ್ತಿತ್ತು?

ಅವರು ಹೋಗಿ ಈಗ ಎಂಟು ತಿಂಗಳು. ಹೋದ ವಾರ ಪರ್ಕಳಕ್ಕೆ ಹೋದಾಗ ಅಕ್ಕ ಬಚ್ಚಲಿನ ಬಾಗಿಲಲ್ಲಿ ಕುಳಿತಿದ್ದಳು. "ದಿನಾ ನಾನೇ ಅಲ್ವಾ ಹೊಗೆ ಹಾಕಿದ್ದು" ಎಂದಳು. ಇನ್ನು ತಡೆಯಲಾಗಲಿಲ್ಲ. ಕಂಡಕ್ಟರು, ಕಿಟಕಿ, ಫ್ಯಾನು, ಚರುಮುರಿ, ಹಾಳೆ, ಎಲ್ಲವನ್ನೂ ಹೇಳಿದೆ.

ಅಕ್ಕ "ಅದಕ್ಕೆ ಫ್ಯಾನ್ ಹಾಕಿದ್ದಿಯಾ?" ಎಂದು ಕೇಳಿ ನಕ್ಕಳು. ಆಮೇಲೆ ಸೆರಗು ಬಾಯಿಗೆ ಒತ್ತಿಕೊಂಡಳು. "ಆಗಲೇ ಹೇಳಬಾರದಿತ್ತಾ? ಅಲ್ಲಿಂದ ಎಳೆದು ತರುತ್ತಿದ್ದೆನಲ್ಲ ಇವರನ್ನು."

ಮರುದಿನ ಆ ಹುಡುಗಿಗೆ ಫೋನು ಮಾಡಿದೆ. ಅವಳು ಬೈಯಲಿಲ್ಲ. ಆ ಏಳು ದಿನಗಳನ್ನು ಲೆಕ್ಕದಿಂದ ತೆಗೆದುಹಾಕುತ್ತೇನೆ ಎಂದಳು. ಭಾವನ ಉಸಿರು ತೆಗೆದದ್ದು ಒಲೆಯ ಹೊಗೆಯೇ, ಬಸ್ಸಿನ ಹೊಗೆಯೇ ಎಂದು ಕೇಳಿದೆ. "ಎರಡೂ ಇರಬಹುದ್ರಿ. ಯಾವುದು ಎಷ್ಟು ಅಂತ ಈಗ ಹೇಳಾಕ ಬರೂದಿಲ್ಲ."

ಕಾಪುವಿನ ನನ್ನ ಕಿಟಕಿಯ ಗಾಳಿ ಹೇಗಿತ್ತೆಂದು ಆ ಪೆಟ್ಟಿಗೆಗೆ ಗೊತ್ತಿತ್ತು. ಅಕ್ಕನ ಬಚ್ಚಲಿನ ಹೊಗೆಯೂ ಗೊತ್ತಿತ್ತು. ಭಾವ ನಿಂತು ಕೂಗುತ್ತಿದ್ದ ಜಾಗದಲ್ಲಿ ದಿನವಿಡೀ ಎಂಥ ಗಾಳಿಯಿತ್ತು ಎಂಬುದು ಎಲ್ಲಿಯೂ ಬರೆದಿಲ್ಲ.